ಕಾವುಪೆಟ್ಟಿಗೆಯಲ್ಲಿ ಅತ್ತೆ ಇಟ್ಟ ಕುಡುಗೋಲು

ಮೊಟ್ಟೆ ಒಡೆದು ಬರುವ ಮರಿಯನ್ನು ಅದರ ಪಾಡಿಗೆ ಬಿಡಿ ಎಂದು ಬಸವನ ಬಾಗೇವಾಡಿ ತಾಲೂಕಿನ ಎಷ್ಟು ಅಂಗಳಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ಕಡಿಮೆ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿ ಗ್ರಾಮಸೇವಿಕೆಯಾಗಿದ್ದೆ. ಮನಗೂಳಿಗೆ ಬಸ್ಸು, ಇಂಗಳೇಶ್ವರಕ್ಕೆ ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಯಾರದಾದರೂ ಸೈಕಲ್ಲಿನ ಹಿಂದಿನ ಸೀಟು. ಹಾಗೆ ಕೂತು ಬರುವುದನ್ನು ನೋಡಿ ಹಲ್ಲು ಕಿಸಿದವರಿಗೆ ನಾನು ಸೈಕಲ್ಲಿನಿಂದ ಇಳಿದು ನಿಂತು ಉತ್ತರ ಕೊಟ್ಟಿದ್ದೇನೆ. ನನ್ನ ಬಾಯಿ ಜೋರು ಎಂಬುದು ಊರಿಗೆಲ್ಲ ಗೊತ್ತಿತ್ತು. ಅದರ ಬಗ್ಗೆ ನನಗೇನೂ ಬೇಸರವಿರಲಿಲ್ಲ.

ಬಾಗೇವಾಡಿಗೆ ಬರುವ ಮೊದಲು ಇಂಡಿ ತಾಲೂಕಿನಲ್ಲಿದ್ದೆ. ಹೆಂಗಸರು ಮರುಕದಿಂದಲೇ ಮರಿಗಳನ್ನು ಕೊಲ್ಲುವುದನ್ನು ನಾನು ಕಂಡದ್ದು ಅಲ್ಲಿ. ಮರಿ ಕೊಕ್ಕಿನಿಂದ ಮೊದಲ ತೂತು ಹಾಕಿದ ಮೇಲೆ ದಣಿದು ಮಲಗುತ್ತದೆ. ಕೆಲವು ಅರ್ಧ ದಿನ ಮಲಗುತ್ತವೆ, ಕೆಲವು ಅದಕ್ಕೂ ಹೆಚ್ಚು. ಅದು ಬರೀ ನಿದ್ದೆಯಲ್ಲ. ಸಿಪ್ಪೆಯ ಒಳಗಿನ ತೆಳುಪೊರೆಯಲ್ಲಿ ಹರಿಯುವ ರಕ್ತ ಮರಿಯ ಮೈಗೆ ಸೇರಬೇಕು, ಉಳಿದ ಹಳದಿ ಹೊಟ್ಟೆಯೊಳಕ್ಕೆ ಹೋಗಬೇಕು, ಹೊಕ್ಕಳು ಮುಚ್ಚಬೇಕು. ನೋಡುವವರಿಗೆ ಇದೇನೂ ಕಾಣುವುದಿಲ್ಲ. ಪಾಪ, ಸಿಕ್ಕಿಬಿದ್ದಿದೆ ಎಂದು ಸಿಪ್ಪೆ ಸುಲಿಯುತ್ತಾರೆ. ಮರಿ ಹೊರಗೆ ಬರುತ್ತದೆ, ಹೊಕ್ಕಳಿನಿಂದ ರಕ್ತ ಸೋರುತ್ತದೆ, ಸಂಜೆಯೊಳಗೆ ಸಾಯುತ್ತದೆ. ಆಮೇಲೆ ನೆರೆಮನೆಯವಳ ಕಣ್ಣು ತಾಕಿತು ಎನ್ನುತ್ತಾರೆ. ಇಂಡಿಯಲ್ಲಿ ಈ ಮಾತಿಗೆ ನಾನು ಎಷ್ಟೋ ಮನೆಗಳ ಜೊತೆ ಜಗಳವಾಡಿದ್ದೇನೆ.

ಬಾಗೇವಾಡಿಗೆ ಬಂದ ಮೇಲೆ ಹಳ್ಳಿಯ ಹೆಂಗಸರಿಗೆ ತೋರಿಸಲೆಂದು ನನಗೊಂದು ಕಾವುಪೆಟ್ಟಿಗೆ ಕೊಟ್ಟರು. ಬೀರುವಿನಷ್ಟು ದೊಡ್ಡದಲ್ಲ, ಟ್ರಂಕಿನಷ್ಟು ಮರದ ಪೆಟ್ಟಿಗೆ. ಪಕ್ಕದಲ್ಲಿ ಸೀಮೆಎಣ್ಣೆ ದೀಪ, ಅದರ ಬಿಸಿ ತಗಡಿನ ಕೊಳವೆಯಲ್ಲಿ ಒಳಕ್ಕೆ ಹೋಗುತ್ತಿತ್ತು. ಮೇಲೆ ಮುಚ್ಚಳ, ಮುಚ್ಚಳದಲ್ಲಿ ಅಂಗೈಯಗಲದ ಗಾಜು. ಒಳಗೆ ಮೊಟ್ಟೆ ಇಡುವ ಜಾಲರಿ, ಜಾಲರಿಯ ಕೆಳಗೆ ನೀರಿನ ತಟ್ಟೆ. ಆ ನೀರೇ ಮುಖ್ಯ. ನಮ್ಮ ಬೇಸಿಗೆಯ ಗಾಳಿಗೆ ಮನುಷ್ಯರ ತುಟಿಯೇ ಬಿರಿಯುತ್ತದೆ, ಮೊಟ್ಟೆಯ ಪೊರೆ ಯಾವ ಲೆಕ್ಕ.

ಪೆಟ್ಟಿಗೆ ಇಡಲು ಜಾಗ ಸಿಕ್ಕಿದ್ದು ನಮ್ಮ ಮನೆಯ ಹಿತ್ತಲಿನ ಹೊಟ್ಟಿನ ಕೋಣೆಯಲ್ಲಿ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ, ಶನಿವಾರ ಬರುತ್ತಿದ್ದರು. ಅತ್ತೆ ದಿನಾ ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ನೀರು ಮುಟ್ಟದವರು. ನಮ್ಮ ಮನೆತನದಲ್ಲಿ ಮೊಟ್ಟೆ ಎಂಬ ಪದಾರ್ಥ ಹೊಸ್ತಿಲು ದಾಟಿದ್ದಿಲ್ಲ. ಪೆಟ್ಟಿಗೆ ಬಂದ ದಿನ ಅವರು ಹಿತ್ತಲ ಬಾಗಿಲಿಗೆ ಅಡ್ಡ ನಿಂತರು.

"ಸರ್ಕಾರಿ ಕೆಲಸ ಮಾಡ್ತಿ, ಮಾಡು. ನಾ ಬ್ಯಾಡ ಅಂದಿಲ್ಲ. ಆದ್ರ ಇದನ್ನ ಮನಿಗ್ಯಾಕ ತಂದಿ?"

"ಮನಿಯೊಳಗ ತಂದಿಲ್ರಿ ಅತ್ತಿ. ಹೊಟ್ಟಿನ ಕೋಣ್ಯಾಗ ಇಡಾಕತ್ತೇನಿ. ಅದಕ್ಕ ಬಾಗಲಾನೂ ಬ್ಯಾರೆ."

"ಗ್ವಾಡಿ ಒಂದ ಐತಲ್ಲ."

ಗೋಡೆ ಒಂದೇ ಎಂಬುದು ನಿಜ, ಆದರೂ ಪೆಟ್ಟಿಗೆ ಕೋಣೆಯೊಳಗೆ ಹೋಯಿತು. ಒಂದು ತಿಂಗಳ ಕಾಲ ಅತ್ತೆ ಆ ಕೋಣೆಯ ಕಡೆ ತಲೆಯಿಟ್ಟೂ ಮಲಗಲಿಲ್ಲ. ಅಷ್ಟಾದರೂ ನಾನು ಹಳ್ಳಿಗೆ ಹೋದಾಗ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ಅವರೇ. ದೀಪ ಆರಿಹೋಗುವುದು ಅಪಶಕುನ, ಅದಕ್ಕೇ ಹಾಕುತ್ತೇನೆ, ಬೇರೇನೂ ತಿಳಿಯಬೇಡ ಎನ್ನುತ್ತಿದ್ದರು.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುಸಲ್ಮಾನ ಹೆಣ್ಣುಮಗಳಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕೌದಿ ಹೊಲೆಯುತ್ತಿದ್ದಳು, ಕೋಳಿ ಸಾಕುತ್ತಿದ್ದಳು, ಯಾರ ಮುಂದೆಯೂ ಕೈ ಚಾಚುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಕೋಳಿಗಳಿಗೆ ರೋಗ ಬಂದು ಓಣಿಯ ಅಂಗಳಗಳೆಲ್ಲ ಖಾಲಿಯಾದವು. ಅವಳಿಗೆ ಉಳಿದದ್ದು ಒಂದೇ ಒಂದು ಕೆಂಪು ಹೇಂಟೆ. ಸಿಂದಗಿಯಲ್ಲಿದ್ದ ಅವಳ ಅಣ್ಣ ಬಂದು, ಒಬ್ಬಳೇ ಏನು ತಿಂದು ಬದುಕುತ್ತೀ, ನಮ್ಮ ಮನೆಗೆ ನಡೆ ಎಂದ. ಅವಳು ಒಪ್ಪಲಿಲ್ಲ. ಕೊನೆಗೆ ಅಣ್ಣತಂಗಿ ನಡುವೆ ಒಂದು ಮಾತಾಯಿತು. ಮಿರಗದ ಮಳೆಯ, ಎಂದರೆ ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ಅವಳ ಅಂಗಳದಲ್ಲಿ ಮತ್ತೆ ಕೋಳಿ ಓಡಾಡುತ್ತಿದ್ದರೆ ಅವಳು ಇಲ್ಲೇ ಇರುವುದು, ಇಲ್ಲದಿದ್ದರೆ ಮನೆಗೆ ಬೀಗ ಹಾಕಿ ಅಣ್ಣನ ಜೊತೆ ಹೋಗುವುದು.

ಅವಳು ಬೇರೆ ಓಣಿಯ ಹುಂಜದ ಜೊತೆ ಬಿಟ್ಟಿದ್ದ ಕೆಂಪು ಹೇಂಟೆಯ ಮೊಟ್ಟೆಗಳನ್ನು ಕೂಡಿಹಾಕಿ, ಅದನ್ನೇ ಬುಟ್ಟಿಯಲ್ಲಿ ಕಾವಿಗೆ ಕೂರಿಸಿದಳು. ಕಾವು ಅರ್ಧ ದಾಟಿತ್ತು. ಒಂದು ಮುಂಜಾನೆ ಕಾಡುಬೆಕ್ಕು ಬಂದು ಹೇಂಟೆಯ ಕುತ್ತಿಗೆ ಹಿಡಿದು ಹೊತ್ತೊಯ್ದಿತು. ನಾನು ಹಲ್ಲುಜ್ಜುತ್ತ ಹಿತ್ತಲಲ್ಲಿ ನಿಂತಿದ್ದಾಗ ಸೆರಗಿನಲ್ಲಿ ಮೊಟ್ಟೆಗಳನ್ನು ಹೊಟ್ಟೆಗೆ ಒತ್ತಿಕೊಂಡು ಬಂದಳು.

"ಬಾಯಾರ, ನಿಮ್ಮ ಪೆಟಗ್ಯಾಗ ಜಾಗಾ ಐತೇನ್ರಿ? ಇನ್ನೂ ಬೆಚ್ಚಗ ಅದಾವು, ಮುಟ್ಟಿ ನೋಡ್ರಿ."

"ಐತಿ. ಓಣ್ಯಾಗ ತತ್ತಿನ ಸಿಕ್ಕಿಲ್ಲ, ಬರೇ ಬಿಸಿ ಹಿಡದು ನೋಡಾಕತ್ತೇನಿ. ಬಾ ಒಳಗ."

"ಆಗತೈತೇನ್ರಿ ಇದು? ಹ್ಯಾಟಿ ಇಲ್ದ?"

"ಹ್ಯಾಟಿ ಮಾಡೂದೆಲ್ಲಾ ನಾ ಮಾಡ್ತೇನಿ. ಕೊಕ್ ಕೊಕ್ ಅನ್ನೂದೊಂದು ಬಿಟ್ಟು."

ಅವಳಿಗೆ ನಗು ಬರಲಿಲ್ಲ. ನನಗೆ ಮಾತ್ರ ಅನುಮಾನವಿರಲಿಲ್ಲ. ಕೋಣೆಯ ಬಾಗಿಲು ಹಾಕಿ, ರಟ್ಟಿನಲ್ಲಿ ತೂತು ಮಾಡಿ, ಬ್ಯಾಟರಿಯ ಬೆಳಕನ್ನು ಒಂದೊಂದೇ ಮೊಟ್ಟೆಗೆ ಹಿಡಿದು ತೋರಿಸಿದೆ. ಒಳಗೆ ಕಪ್ಪಗೆ ಮರಿ, ಸುತ್ತ ಕೆಂಪು ನರಗಳು, ಒಂದು ಅಲ್ಲಾಡಿತು ಕೂಡ. ಅವಳು ಎಷ್ಟೋ ವರ್ಷ ಕೋಳಿ ಸಾಕಿದವಳು, ಆದರೆ ಇದನ್ನು ಕಂಡಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಅಂದಿನಿಂದ ದಿನಾ ಮುಂಜಾನೆ ಬಂದು, ಬಾಗಿಲಲ್ಲೇ ನಿಂತು, "ಹೆಂಗ ಅದಾವ್ರಿ?" ಎಂದು ಕೇಳಿ ಹೋಗುತ್ತಿದ್ದಳು. ನಾನು ಮುಂಜಾನೆ ಸಂಜೆ ಮೊಟ್ಟೆ ಹೊರಳಿಸುತ್ತಿದ್ದೆ, ನೀರು ತುಂಬಿಸುತ್ತಿದ್ದೆ, ಬಿಸಿ ಏರಿದರೆ ಬತ್ತಿ ಇಳಿಸುತ್ತಿದ್ದೆ. ಹೇಂಟೆಗಿಂತ ನಾನೇನೂ ಕಡಿಮೆ ಮಾಡಲಿಲ್ಲ.

ಮರಿ ಒಡೆಯಲು ಎರಡು ಮೂರು ದಿನ ಉಳಿದಾಗ ಮೊಟ್ಟೆ ಹೊರಳಿಸುವುದನ್ನು ನಿಲ್ಲಿಸಬೇಕು, ಮುಚ್ಚಳ ತೆಗೆಯಲೇಬಾರದು. ಒಳಗಿನ ಹಸಿ ಗಾಳಿ ಒಳಗೇ ಇರಬೇಕು. ಸರಿಯಾಗಿ ಆಗಲೇ ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ನಮ್ಮೆಲ್ಲರ ಸಭೆ ಕರೆದರು. ಒಂದು ರಾತ್ರಿ ಅಲ್ಲೇ ಉಳಿಯಬೇಕಿತ್ತು. ನಾನು ತಟ್ಟೆಯ ತುಂಬ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅತ್ತೆಗೆ ಹೇಳಿದೆ.

"ಅತ್ತಿ, ದೀಪಕ್ಕಷ್ಟ ಎಣ್ಣಿ ಹಾಕ್ರಿ. ಮುಚ್ಚಳ ಮುಟ್ಟಬ್ಯಾಡ್ರಿ."

"ನಾ ಯಾಕ ಮುಟ್ಟಲಿ ನಿನ್ನ ಮುಚ್ಚಳಾನ?" ಎಂದರು.

ಆ ಮಾತು ನಂಬಿಕೊಂಡು ಬಸ್ಸು ಹತ್ತಿದೆ.

ಅಂದು ಮಧ್ಯಾಹ್ನ ನಾಲತವಾಡದಲ್ಲಿ ಮೋಡ ಕವಿದು, ಒಂದು ಹನಿ ಮಳೆಯಿಲ್ಲದೆ ಬರೀ ಗುಡುಗಿತು. ಬಾಗೇವಾಡಿಯಲ್ಲೂ ಹಾಗೇ ಆಯಿತಂತೆ. ಮರುದಿನ ಮೊದಲ ಬಸ್ಸಿಗೆ ಬಂದೆ. ಚೀಲ ಕೂಡ ಇಳಿಸದೆ ಹೊಟ್ಟಿನ ಕೋಣೆಗೆ ಹೋದೆ. ಪೆಟ್ಟಿಗೆಯ ಮೇಲೆ ಅತ್ತೆಯ ದಪ್ಪ ಕೌದಿ ಹೊದಿಸಿತ್ತು. ಕೌದಿ ಎತ್ತಿದೆ. ಮುಚ್ಚಳದ ಸಂದಿಯಿಂದ ಕುಡುಗೋಲಿನ ಹಿಡಿ ಹೊರಗೆ ಚಾಚಿತ್ತು. ಮುಚ್ಚಳ ತೆರೆದೆ. ಮೊಟ್ಟೆಗಳ ಪಕ್ಕದಲ್ಲಿ ಕುಡುಗೋಲು, ಜಾಲರಿಯ ಕೆಳಗೆ ಒಂದು ಬಟ್ಟಲ ತುಂಬ ಆರಿದ ಇದ್ದಿಲು. ಬಟ್ಟಲಿಗೆ ಜಾಗ ಮಾಡಲು ನೀರಿನ ತಟ್ಟೆಯನ್ನು ತೆಗೆದು ನೆಲದ ಮೇಲೆ ಇಟ್ಟಿದ್ದರು.

"ಅತ್ತಿ" ಎಂದು ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು.

ಅತ್ತೆ ಪೂಜೆ ಮುಗಿಸಿ ಬಂದರು. ಮುಖದಲ್ಲಿ ಅಳುಕು ಇರಲಿಲ್ಲ. ಒಳ್ಳೆಯದೇ ಮಾಡಿದ್ದೇನೆ ಎಂಬ ಧೈರ್ಯವಿತ್ತು.

"ಗುಡುಗು ಹಂಗಿತ್ತವಾ, ಮನಿ ನಡುಗಿತು. ಗುಡುಗಿಗೆ ಒಳಗಿನವು ಬೆಚ್ಚಿ ಸಾಯ್ತಾವು. ಬಾಣಂತಿ ಹಾಸಗಿ ಕೆಳಗ ಕಬ್ಬಿಣ, ಇದ್ದಲಿ ಇಡೂದಿಲ್ಲೇನು? ನಿನ್ನ ಗಂಡ ಹುಟ್ಟಿದಾಗ ಇದ ಕುಡುಗೋಲು ಇಟ್ಟಿದ್ದೆ."

"ಮುಚ್ಚಳ ಮುಟ್ಟಬ್ಯಾಡ್ರಿ ಅಂತ ಬಡಕೊಂಡಿದ್ನಲ್ಲ."

"ಜೀವ ತಡೀಲಿಲ್ಲ."

ಏನು ಹೇಳುವುದು ಇಂಥವರಿಗೆ? ಒಂದು ತಿಂಗಳಿಂದ ದೀಪಕ್ಕೆ ಎಣ್ಣೆ ಹಾಕುವುದು ಬಿಟ್ಟರೆ ಆ ಪೆಟ್ಟಿಗೆಯ ಕಡೆ ಕಣ್ಣೆತ್ತಿ ನೋಡದವರು ಗುಡುಗಿದ ಕೂಡಲೇ ಓಡಿಬಂದು ಹಸುಗೂಸಿಗೆ ಮಾಡುವ ರಕ್ಷಣೆಯನ್ನು ಮೊಟ್ಟೆಗಳಿಗೆ ಮಾಡಿದ್ದರು. ಚಳಿಯಾದೀತೆಂದು ಕೌದಿಯನ್ನೂ ಹೊದಿಸಿದ್ದರು. ಬಿಸಿಗೇನೂ ಕೊರತೆಯಾಗಿರಲಿಲ್ಲ. ಆದರೆ ಸಂದಿಯಿಂದ ಇಡೀ ರಾತ್ರಿ ಒಣಗಾಳಿ ನುಗ್ಗಿ, ನೀರೂ ಇಲ್ಲದೆ, ಪೆಟ್ಟಿಗೆಯ ಒಳಗೆ ಹಸಿ ಎಂಬುದು ಉಳಿದಿರಲಿಲ್ಲ. ಜಗಳಕ್ಕೆ ಹೊತ್ತಿರಲಿಲ್ಲ, ಮೊಟ್ಟೆಗಳ ಮೇಲೆ ಬಾಗಿದೆ.

ಹೆಚ್ಚಿನ ಮೊಟ್ಟೆಗಳಿಗೆ ಮೊದಲ ತೂತು ಬಿದ್ದಿತ್ತು. ಕೆಲವು ಮರಿಗಳು ಸಿಪ್ಪೆಯನ್ನು ಅರ್ಧ ಸುತ್ತು ಬಿರಿದು ಅಲ್ಲೇ ನಿಂತಿದ್ದವು. ತೂತಿನಲ್ಲಿ ಇಣುಕಿದರೆ ಬೆಳ್ಳಗೆ ತೇವವಾಗಿರಬೇಕಾದ ಪೊರೆ ಹಳೆಯ ಕಾಗದದ ಹಾಗೆ ಹಳದಿಯಾಗಿ, ಮರಿಯ ಮೈಗೆ ಅಂಟಿ ಬಿಗಿದುಕೊಂಡಿತ್ತು. ಹೊರಳಲು ಆಗದೆ ಮರಿಗಳು ಸಣ್ಣಗೆ ಕೂಗುತ್ತಿದ್ದವು. ಬಿಟ್ಟರೆ ಸಾಯುತ್ತವೆ. ಮುಟ್ಟಬೇಡಿ ಎಂದು ಊರೂರು ತಿರುಗಿ ಸಾರಿದ ನಾನೇ ಈಗ ಮುಟ್ಟಬೇಕಿತ್ತು. ಯಾವಾಗ ಮುಟ್ಟಬಾರದು ಎಂಬುದು ಗೊತ್ತಿದ್ದುದರಿಂದಲೇ ಯಾವಾಗ ಮುಟ್ಟಬೇಕು ಎಂಬುದೂ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಕೊನೆಯ ಮನೆಯವಳು ಎಂದಿನಂತೆ ಬಂದು ಬಾಗಿಲಲ್ಲಿ ನಿಂತಳು. ನಮ್ಮ ಮುಖ ನೋಡಿದ್ದೇ ಹೊಸ್ತಿಲು ದಾಟಿ ಪೆಟ್ಟಿಗೆಯ ಹತ್ತಿರ ಬಂದಳು.

"ಪೊರಿ ಒಣಗ್ಯಾವು. ಅಳಬ್ಯಾಡ, ನೀರು ಕಾಸು. ಕೈಗೆ ಹಿತ ಆಗೂವಷ್ಟ" ಎಂದೆ.

"ಅಳಾಕತ್ತಿಲ್ರಿ" ಎಂದಳು. ಕಣ್ಣು ತುಂಬಿದ್ದವು.

"ತಂಗಿ, ನಾನಾ ಮಾಡೀನಿ ಇದನ್ನ. ಆಕಿದೇನೂ ತಪ್ಪಿಲ್ಲ" ಎಂದರು ಅತ್ತೆ. ಅವರ ದನಿ ಆಗ ಇಳಿದಿತ್ತು.

ಅವಳು ಹಿತ್ತಲ ಒಲೆ ಹೊತ್ತಿಸಲು ಹೋದಳು. ಮೆತ್ತನೆಯ ಬಟ್ಟೆ ಬೇಕು ಎಂದೆ. ಅತ್ತೆ ಒಳಗೆ ಹೋಗಿ ಟ್ರಂಕು ತೆಗೆದರು. ತೀರಿಹೋದ ಮಾವನವರ ಧೋತರವೊಂದನ್ನು ಅವರು ಮಡಚಿ ಇಟ್ಟಿದ್ದರು, ಒಗೆದು ಒಗೆದು ಬೆಣ್ಣೆಯಂತಾಗಿತ್ತು. ನನ್ನ ಎದುರಿಗೇ ಅದನ್ನು ಪರ್ರನೆ ಹರಿದರು.

ಮೊದಲು ನೀರಿನ ತಟ್ಟೆ ಒಳಗಿಟ್ಟು, ಒದ್ದೆ ಬಟ್ಟೆಯನ್ನೂ ಹರಡಿ, ಮುಚ್ಚಳ ಹಾಕಿದೆ. ಒಂದೊಂದೇ ಮೊಟ್ಟೆ ಹೊರಗೆ ತೆಗೆಯುವುದು, ಉಳಿದವು ಬೆಚ್ಚಗೆ ಒಳಗಿರುವುದು. ಮೊಟ್ಟೆಯ ಅಗಲ ತುದಿಯಲ್ಲಿ ಗಾಳಿ ತುಂಬಿದ ಖಾಲಿ ಜಾಗವಿರುತ್ತದೆ. ಅಲ್ಲಿಂದ ಶುರುಮಾಡಿ ಉಗುರಿನಷ್ಟು ಸಿಪ್ಪೆ ತೆಗೆದೆ. ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೊರೆಗೆ ಒತ್ತಿದೆ, ಮೂಗಿನ ತೂತಿಗೆ ನೀರು ಹೋಗದಂತೆ. ಪೊರೆ ತೇವವಾಗಿ ತಿಳಿಯಾಯಿತು. ತಿಳಿಯಾದರೆ ಒಳಗಿನ ನರಗಳು ಕಾಣುತ್ತವೆ. ನರ ಕೆಂಪಗಿದ್ದರೆ ಕೈ ತೆಗೆದು ಮತ್ತೆ ಪೆಟ್ಟಿಗೆಗೆ. ನರ ಬತ್ತಿದ್ದರೆ ಬೆರಳ ತುದಿಯಿಂದ ಪೊರೆಯನ್ನು ಕೊಕ್ಕಿನಿಂದ ಹಿಂದಕ್ಕೆ ಸರಿಸುವುದು. ತಲೆ, ರೆಕ್ಕೆ ಬಿಡಿಸಿದರೆ ಸಾಕು. ಕೆಳಗಿನ ಅರ್ಧ ಸಿಪ್ಪೆಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ಅದನ್ನು ಮರಿಯೇ ಒದ್ದು ಬರಬೇಕು.

ನನ್ನ ಎರಡು ಕೈ ಸಾಲಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆಯ ಅಂಗೈಗೆ ಒಂದು ಮೊಟ್ಟೆ ಇಟ್ಟು "ಹಿಡೀರಿ" ಎಂದೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವರು ಕೈ ಹಿಂದೆ ತೆಗೆಯಲಿಲ್ಲ. ಒಳಗಿನ ಮರಿ ಕೂಗಿತು.

"ಮಾತಾಡಾಕತ್ತೈತಿ" ಎಂದರು.

"ಹೌದ್ರಿ. ನಿಮ್ಮನ್ನ ಬೈಯಾಕತ್ತೈತಿ."

ಅವಳು ಅಂದು ಮೊದಲ ಸಲ ನಕ್ಕಳು. ಅತ್ತೆ ನಗಲಿಲ್ಲ. ಮೊಟ್ಟೆಯನ್ನು ಎರಡೂ ಅಂಗೈ ನಡುವೆ ಮುಚ್ಚಿಕೊಂಡು ನಾನು ಕೇಳುವವರೆಗೂ ಅಲ್ಲಾಡದೆ ಕೂತರು.

ನಡುವೆ ಒಂದು ಮೊಟ್ಟೆಯಲ್ಲಿ ಪೊರೆ ಸರಿಸುತ್ತಲೇ ರಕ್ತದ ಚುಕ್ಕೆ ಕಾಣಿಸಿತು. ಕೂಡಲೇ ನಿಲ್ಲಿಸಿ ಬಟ್ಟೆ ಒತ್ತಿ ಪೆಟ್ಟಿಗೆಗೆ ಇಟ್ಟೆ. ಮರಿ ಇನ್ನೂ ಕೂಗುತ್ತಲೇ ಇತ್ತು. "ತಗದಬಿಡ್ರಿ ಬಾಯಾರ, ಸಾಯತೈತಿ" ಎಂದಳು ಅವಳು, ನನ್ನ ಮೊಣಕೈ ಹಿಡಿದು. "ತಗದ್ರ ಸಾಯತೈತಿ. ಕೈ ಬಿಡು" ಎಂದು ಗದರಿದೆ. ಅವಳಿಗೆ ಆ ಮೊಟ್ಟೆಗಳ ಮೇಲೆ ಎಷ್ಟು ಆಸೆ ಇತ್ತೆಂದು ನನಗೆ ತಿಳಿಯದೆ ಇರಲಿಲ್ಲ. ಅದಕ್ಕೇ ಇನ್ನಷ್ಟು ಗದರಿದೆ. ಆ ಮರಿ ಹೊತ್ತು ಇಳಿಯುವ ಸಮಯಕ್ಕೆ ತಾನೇ ಸಿಪ್ಪೆ ಒದ್ದು ಬಂತು.

ಎಲ್ಲವೂ ಉಳಿಯಲಿಲ್ಲ. ಎರಡು ಮರಿ ನಾನು ಬರುವ ಮೊದಲೇ ಒಳಗೆ ಸತ್ತಿದ್ದವು. ಅವನ್ನು ನೋಡಿ ಅತ್ತೆ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಉಳಿದವು ಸಂಜೆಯ ಹೊತ್ತಿಗೆ ಹಸಿ ಹತ್ತಿಯ ಉಂಡೆಗಳಂತೆ ಜಾಲರಿಯ ಮೇಲೆ ಬಿದ್ದುಕೊಂಡಿದ್ದವು. ಒಣಗಿ ನಯವಾಗಿ ಉಬ್ಬುವವರೆಗೂ ಮುಚ್ಚಳ ತೆಗೆಯಲು ನಾನು ಯಾರಿಗೂ ಬಿಡಲಿಲ್ಲ. ನನ್ನ ಬೆನ್ನು ಸೆಟೆದು ಹೋಗಿತ್ತು, ಆದರೆ ಅಂದು ಇದ್ದಷ್ಟು ಹೆಮ್ಮೆ ನನಗೆ ಆ ನೌಕರಿಯಲ್ಲಿ ಮತ್ತೆಂದೂ ಆಗಲಿಲ್ಲ.

ಮರಿಗಳು ಗಟ್ಟಿಯಾದ ಮೇಲೆ ಅವಳ ಮನೆಗೆ ಹೋದವು. ನಾಲ್ಕಾರು ದಿನ ಕಳೆದು ಅವಳು ಬುಟ್ಟಿಯಲ್ಲಿ ಅರ್ಧ ಮರಿಗಳನ್ನು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟಳು. ನಮ್ಮ ಕಡೆ ಒಬ್ಬರ ಮೊಟ್ಟೆಗೆ ಇನ್ನೊಬ್ಬರ ಹೇಂಟೆ ಕಾವು ಕೊಟ್ಟರೆ ಮರಿಗಳಲ್ಲಿ ಅರ್ಧ ಪಾಲು. ನಾನು ಬೇಡವೆಂದೆ.

"ಪೆಟಗಿ ನಂದಲ್ಲ, ಸರ್ಕಾರದ್ದು. ಒಯ್ಯಿ ಸುಮ್ನ."

"ಕಾವು ಕೊಟ್ಟಾರು ಯಾರ್ರಿ? ಪಾಲು ತಗೊಳ್ಳಿಲ್ಲಂದ್ರ ನನಗ ದಾನಾ ಮಾಡಿದಂಗಾತು. ನನಗ ದಾನಾ ಬ್ಯಾಡ್ರಿ."

ನಾನು ಇನ್ನೇನೋ ಹೇಳುವಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಪಾಲು ಇಸ್ಕೊಂಡೆ ತಂಗಿ. ಆದ್ರ ನಮ್ಮ ಮನ್ಯಾಗ ಇವು ಹೊಂದೂದಿಲ್ಲ. ನಿನ್ನ ಕಡೇನ ಪಾಲಿಗೆ ಬಿಟ್ಟೇನಿ. ನೀ ಇವನ್ನ ಸಾಕು, ಬಂದದ್ದರಾಗ ಅರ್ಧ ನಿಂದು, ಅರ್ಧ ನಂದು."

ಕೋಳಿಯನ್ನೂ ಆಡನ್ನೂ ಹೀಗೆ ಪಾಲಿಗೆ ಸಾಕಲು ಬಿಡುವುದು ನಮ್ಮಲ್ಲಿ ಇದ್ದದ್ದೇ. ಮರಿಗಳ ರಗಳೆ ಮನೆಗೆ ಬರದಿರಲೆಂದು ಅತ್ತೆ ಜಾಣತನ ಮಾಡಿದರು ಎಂದುಕೊಂಡೆ.

ಮಿರಗದ ಮೊದಲ ಮಳೆ ಬಿದ್ದ ಮರುದಿನ ಸಿಂದಗಿಯ ಅಣ್ಣ ಬಂದ. ಕೆಟ್ಟವನಲ್ಲ. ತಂಗಿಯ ಮೇಲೆ ನಿಜವಾದ ಕಾಳಜಿ ಇದ್ದವನು. ಅವಳ ಅಂಗಳದಲ್ಲಿ ನಾನೂ ಇದ್ದೆ, ವಾದಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವನು ಮರಿಗಳನ್ನು ನೋಡಿದ, ಖುಷಿಪಟ್ಟ, ಬುಟ್ಟಿಯನ್ನು ಮುಂದಕ್ಕೆ ಎಳೆದ.

"ಚಲೋ ಆತು. ಆದ್ರ ಮಾತಾಗಿದ್ದು ಕೋಳೀದು, ಇವಿನ್ನೂ ಮರಿ. ಇವನ್ನೂ ಬುಟ್ಟ್ಯಾಗ ಹಾಕ್ಕೋ. ಸಿಂದಗ್ಯಾಗ ಅಂಗಳ ಇಲ್ಲೇನು? ಅಲ್ಲೇ ಸಾಕ್ಕೋ. ಇವು ದೊಡ್ಡುವು ಆಗೂತನಾ ಇಲ್ಲಿ ಒಬ್ಬಾಕೀನ ಕೂತು ಏನ ಮಾಡ್ತಿ?"

ಮರಿ ಉಳಿದರೆ ಸಾಕು ಎಂದುಕೊಂಡಿದ್ದೆವು. ಮರಿಗಳನ್ನೂ ಹೊತ್ತುಕೊಂಡು ಹೋಗಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಎರಡು ತಾಲೂಕಿನ ಗಂಡಸರ ಬಾಯಿ ಮುಚ್ಚಿಸಿದವಳು ನಾನು, ಈಗ ಬುಟ್ಟಿಯ ಅಂಚು ಹಿಡಿದು ನಿಂತೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳು ತಲೆ ತಗ್ಗಿಸಿ ಒಂದೊಂದೇ ಮರಿಯನ್ನು ಹಿಡಿಯತೊಡಗಿದಳು.

ಅಷ್ಟರಲ್ಲಿ ಅತ್ತೆ ಸೆರಗು ಹೊದ್ದುಕೊಂಡು ಅಂಗಳಕ್ಕೆ ಬಂದರು. ಆ ಮನೆಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ತಮ್ಮಾ, ಇದರಾಗ ಅರ್ಧ ನನ್ನವು. ಪಾಲಿಗೆ ಬಿಟ್ಟೇನಿ. ಊರು ಬಿಟ್ಟು ಒಯ್ಯಾಕ ನಾ ಒಪ್ಪೂದಿಲ್ಲ."

"ಹಂಗಾರ ನಿಮ್ಮವು ಬಿಟ್ಟು ಹೋಗ್ಲಿ ಬಿಡ್ರಿ ಆಯಿ."

"ಬಿಟ್ಟು ಹೋಗ್ಲಿ? ನಾ ಸಾಕಾಕಿ ಏನು? ಪಾಲು ಹಿಡದಾಕಿ ಪಾಲು ಮುಗಿಸಿ ಹೋಗಬೇಕು. ನಿಮ್ಮೂರಾಗ ನಡುವ ಬಿಟ್ಟು ಹೋಗ್ತಾರೇನು?"

ಅವನು ಬುಟ್ಟಿಯಿಂದ ಕೈ ತೆಗೆದ. ಪಾಲು ಮುರಿದವರೆಂಬ ಹೆಸರು ಯಾವ ಮನೆತನಕ್ಕೂ ಬೇಡ.

"ಪಾಲು ಎಂದ ಮುಗೀತೈತ್ರಿ ಆಯಿ?"

"ಕೋಳಿ ತತ್ತಿ ಇಡೂತನಾ ನಡೀತೈತಿ" ಎಂದರು ಅತ್ತೆ. "ಇವು ನಿಂತ್ರ ಇವುಗಳ ಮರಿ ಇಡ್ತಾವು."

ಅವನು ನಕ್ಕುಬಿಟ್ಟ. ನಾನು ನಮ್ಮ ಮನೆಯಿಂದ ತಂದ ಚಹಾ ಕುಡಿದ. ತಂಗಿಯ ತಲೆಯ ಮೇಲೆ ಕೈಯಿಟ್ಟು, ಏನಾದರೂ ಬೇಕಾದರೆ ಹೇಳಿ ಕಳಿಸು ಎಂದು, ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಸಿಂದಗಿಗೆ ಹೋದ.

ಅವನು ಓಣಿ ತಿರುಗಿದ ಮೇಲೆ ಅವಳು ಒಳಗೆ ಹೋದಳು. ನಾವೂ ಹಿಂದೆ ಹೋದೆವು. ಬಾಗಿಲ ಹಿಂದೆ ದೊಡ್ಡ ಗಂಟೊಂದಿತ್ತು, ಹಗ್ಗ ಹಾಕಿ ಬಿಗಿದದ್ದು. ಗೂಟಗಳು ಬೋಳು, ಒಲೆಯ ಬೂದಿ ತೆಗೆದು ಸಾರಿಸಿತ್ತು. ಹೊರಬಂದ ಮರಿಗಳೆಲ್ಲ ಉಳಿದಿವೆ, ಇನ್ನೇನು ಭಯ ಎಂದು ನಾನು ದಿನಾ ಹೇಳುತ್ತಿದ್ದೆ. ಅವಳು ಹೌದ್ರಿ ಹೌದ್ರಿ ಎನ್ನುತ್ತಲೇ ಇಷ್ಟೆಲ್ಲ ಕಟ್ಟಿಟ್ಟಿದ್ದಳು. ಅತ್ತೆ ಕೇಳದೆಯೇ ಕೂತು ಹಗ್ಗದ ಗಂಟು ಬಿಚ್ಚತೊಡಗಿದರು. ಬಿಗಿಯಾಗಿತ್ತು, ಹಲ್ಲು ಹಚ್ಚಿ ಎಳೆದರು. ಅವಳು ಬಟ್ಟೆಗಳ ನಡುವೆ ಕೈ ಹಾಕಿ ರೊಟ್ಟಿಯ ಹಂಚು ಹೊರಗೆ ತೆಗೆದು, ಸೆರಗಿನಿಂದ ಒರೆಸಿ, ಒಲೆಯ ಮೇಲೆ ಇಟ್ಟಳು. ಆಮೇಲೆ ಅಲ್ಲೇ ಕೂತು ಜೋರಾಗಿ ಅತ್ತಳು.